ಗೇಣು

ಬಾಗಿಲ ಮೇಲೆ ನನ್ನ ಹೆಸರು.
ಅವಳ ಹೆಸರು ಎಲ್ಲೂ ಇಲ್ಲ,
ಕತ್ತರಿ ಡಬ್ಬಿಯ ತಳದಲ್ಲಿ ಬಿಟ್ಟರೆ:
ಜಿ. ಆಡ್ಲಿಂಗ್. ಹದಿನಾಲ್ಕು. ಎಣಿಸಿ ಇಡಿ.

ಗ್ರಿಮ್ಸ್‌ಬಿಯ ಬಂದರಿನ ಗಾಳಿಗೆ
ಮೀನಿನ ವಾಸನೆ ಈಗ ಅಷ್ಟಿಲ್ಲ ಅನ್ನುತ್ತಾರೆ.
ಹನ್ನೊಂದು ವರ್ಷ ಕಾಡ್ ಮೀನಿನ ಮುಳ್ಳು ಬಿಡಿಸಿದ ಕೈ ಅವಳದು,
ಥಂಡಿ ಬೆಳಗುಗಳಲ್ಲಿ ಹೆಬ್ಬೆರಳು ಮಡಚುವುದಿಲ್ಲ.
ಅದೇ ಕೈಗೆ ಈಗ ಕೋಟಿನ ಜಿಪ್ಪು,
ಗಂಟು ಬಿದ್ದ ಲೇಸು,
ಇಪ್ಪತ್ತೆಂಟು ಮೂಗು.

ನಾನು ಲೀಡ್ಸಿನಿಂದ ಬಂದವನು, ಇಪ್ಪತ್ಮೂರರ ಪ್ರಾಯ,
ಬ್ಯಾಗಿನ ತುಂಬ ಬಣ್ಣ ಬಳಿದ ಯೋಜನೆ.
ಮೊದಲ ದಿನವೇ ಕೇಳಿದಳು:
"ಸರ್, ಹಾಲು ಚೆಲ್ಲಿದರೆ ಏನಂತ ಬರೆದಿದ್ದೀರಿ ಇದರಲ್ಲಿ?"
ನಗಲಿಲ್ಲ. ನಾನೂ ನಗಲಿಲ್ಲ.
ಹತ್ತೂವರೆಗೆ ಹಾಲು ಚೆಲ್ಲಿತು.

ಡೋಮಾಸ್ ಮೇಜಿನ ಕೆಳಗಿರುತ್ತಿದ್ದ.
ಆರು ವರ್ಷ. ಮನೆಯಲ್ಲಿ ಲಿಥುವೇನಿಯದ ಮಾತು,
ಶಾಲೆಯಲ್ಲಿ ಯಾವ ಮಾತೂ ಇಲ್ಲ.
ಕುರ್ಚಿ ಕಿರುಗುಟ್ಟಿದರೆ, ನಾನು ಚಪ್ಪಾಳೆ ತಟ್ಟಿ
"ಎಲ್ಲರೂ ಇತ್ತ ನೋಡಿ" ಅಂದರೆ
ಇಲಿಯ ಹಾಗೆ ಸರ್ರನೆ ಕೆಳಗೆ.
ಬಗ್ಗಿ ಕರೆದೆ, ಸ್ಟಿಕರ್ ತೋರಿಸಿದೆ,
ತರಬೇತಿಯಲ್ಲಿ ಹೇಳಿದಂತೆ ಮೂರರವರೆಗೆ ಎಣಿಸಿದೆ.
ಅವಳು ಕರೆಯಲಿಲ್ಲ.
"ಅಯ್ಯೋ ನನ್ನ ಸೊಂಟವೇ" ಎಂದು ಮಂಡಿಯೂರಿ
ತಾನೂ ಮೇಜಿನ ಕೆಳಗೆ ಹೋದಳು.
ಹದಿನೈದು ದಿನ ಅಲ್ಲೇ ಅವರ ಶಾಲೆ.
ನನ್ನ ಪಾಠದ ನಡುವೆ ಕೆಳಗಿಂದ
ಸ್ಸ್... ಆ... ಟ್... ಎಂಬ ಉಸಿರು,
ಹಾವೂ ಇರುವೆಯೂ ಗುಟ್ಟು ಹೇಳಿಕೊಂಡ ಹಾಗೆ.

ನವೆಂಬರಿನಲ್ಲಿ ಇಬ್ಬರೂ ಮೇಲೆ ಬಂದರು.
ಅವನ ಕುರ್ಚಿಗೆ ತಾಗಿ ಅವಳ ಕುರ್ಚಿ,
ಅದೂ ಮಕ್ಕಳದ್ದೇ, ಕೂತರೆ ಮಂಡಿ ಗದ್ದಕ್ಕೆ ಬರುವಂಥದು.
ಆಮೇಲೆ ಪ್ರತಿ ಸೋಮವಾರ
ಗೋಡೆಗುಂಟ ಒಂದು ಗೇಣು ದೂರ.
ನನಗೆ ಗೊತ್ತಾಗಲಿಲ್ಲ.
ಅವನಿಗೂ ಗೊತ್ತಾಗಲಿಲ್ಲ, ಅದೇ ಅವಳ ಕಸಬು.
ಹಿಮ ಬಿದ್ದ ವಾರ, ಅವನ ಅಪ್ಪ
ಕಾರ್ಖಾನೆಯಲ್ಲಿ ಕೈ ಕುಯ್ದುಕೊಂಡ ವಾರ,
ಎರಡು ಗೇಣು ಹತ್ತಿರ ಬಂದಳು.
ಯಾರನ್ನೂ ಕೇಳಲಿಲ್ಲ.

ಈಸ್ಟರ್ ಕಳೆದು ಒಂದು ಮಂಗಳವಾರ.
ಅವಳು ಮೂಲೆಯ ಹೀಟರಿನ ಪಕ್ಕ.
ಡೋಮಾಸ್ ಕೈ ಎತ್ತಿದ. ಅತ್ತ ಅಲ್ಲ, ಇತ್ತ.
"ಸರ್, ತಿಮಿಂಗಿಲಕ್ಕೆ ಕಿವಿ ಇದೆಯಾ?"
ನಾನು ಅವಳ ಮುಖ ನೋಡಿದೆ.
ಅವಳು ಪೆನ್ಸಿಲ್ ಹೆರೆಯುತ್ತಿದ್ದಳು,
ಆಗಲೇ ಚೂಪಾಗಿದ್ದ ಪೆನ್ಸಿಲ್ಲು,
ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ.
ತಿಮಿಂಗಿಲದ ಕಿವಿಯ ಬಗ್ಗೆ ಏನು ಹೇಳಿದೆನೋ, ನೆನಪಿಲ್ಲ.

ಜುಲೈಯಲ್ಲಿ ಕಾಗದ ಬಂತು.
ಮಗುವಿಗೆ ಇನ್ನು ನೆರವು ಬೇಕಿಲ್ಲ,
ಆದ್ದರಿಂದ ಆ ಗಂಟೆಗಳೂ ಬೇಕಿಲ್ಲ, ಸಂಬಳವೂ.
"ಮತ್ತೆ? ನಾನು ಕಲಿಸಿದ್ದೇ ಅದನ್ನಲ್ಲವಾ" ಅಂದಳು,
ತನ್ನ ಮಗ್ಗು ತೊಳೆದು ಚೀಲಕ್ಕೆ ಹಾಕುತ್ತ.
ಮಗ್ಗು ಒರೆಸಿದ್ದು ಮಾತ್ರ ಬಹಳ ಹೊತ್ತು.
ಹೆಡ್‌ಮೇಡಂ ಹೂ ಕೊಟ್ಟರು.
ಕಾರ್ಡಿನಲ್ಲಿ ನಾನು ಬರೆದದ್ದು ಎಲ್ಲರೂ ಬರೆಯುವಂಥದೇ.

ಸೆಪ್ಟೆಂಬರ್. ಮೇಜು ಸರಿಸುವಾಗ ಕಂಡೆ:
ಗೋಡೆಯ ಬುಡದ ಹಲಗೆಗೆ ಪೆನ್ಸಿಲ್ ಗೀಟುಗಳು.
ಬಾಗಿಲುವಾಡದಲ್ಲಿ ಮಗುವಿನ ಎತ್ತರ ಗುರುತಿಸುತ್ತಾರಲ್ಲ,
ಹಾಗೆಯೇ, ಆದರೆ ಅಡ್ಡಕ್ಕೆ.
ಒಂದೊಂದಕ್ಕೂ ತಾರೀಖು.
ಹಿಮದ ವಾರಕ್ಕೆ ಒಂದು ಬಾಣ, ಮೇಜಿನ ಕಡೆಗೆ.
ಒರೆಸುವವರು ಅರ್ಧ ಅಳಿಸಿದ್ದರು.
ಮಂಡಿಯೂರಿ ನನ್ನ ಕೈ ಇಟ್ಟು ಅಳೆದೆ.
ಕೂಡಲಿಲ್ಲ.
ನನ್ನ ಗೇಣು ದೊಡ್ಡದು.

ಹೊಸ ಹುಡುಗಿ ಟಿಲ್ಡಾ ಕೋಟು ಬಿಚ್ಚಲೊಲ್ಲಳು,
ಗೂಟಗಳ ಸಾಲಿನ ಕೆಳಗೆ ಮುದುರಿ ಕೂತಿದ್ದಾಳೆ.
ಕತ್ತರಿ ಎಣಿಸಿದೆ. ಹದಿನಾಲ್ಕು.
ಚಿಕ್ಕ ಕುರ್ಚಿಯೊಂದನ್ನು ಎಳೆಯದೆ, ಎತ್ತಿಕೊಂಡು,
ಸದ್ದಾಗದ ಹಾಗೆ ಅತ್ತ ನಡೆದೆ.