ಅಲ್ಲಾಡಿದರೂ ಪರವಾಗಿಲ್ಲ

ಬೆಳಗಿನಿಂದ ಸಂಜೆಯವರೆಗೆ ನನ್ನದು ಒಂದೇ ಮಾತು:
ಉಸಿರು ಎಳಕೊಳ್ಳಿ, ಹಿಡಕೊಳ್ಳಿ, ಅಲ್ಲಾಡಬೇಡಿ.
ಚಾಮರಾಜಪೇಟೆಯ ನರ್ಸಿಂಗ್ ಹೋಮಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಊರಿನ ಎಲುಬು ತೆಗೆಯುತ್ತಿದ್ದೇನೆ,
ಅಂದರೆ, ಫೋಟೋ.
ಸ್ಕೂಟರಿನಿಂದ ಬಿದ್ದ ಮೊಣಕೈ, ಬೀಡಿ ಸುಟ್ಟ ಎದೆಗೂಡು,
ಒಂದು ರೂಪಾಯಿ ನುಂಗಿ ಅಮ್ಮನನ್ನು ಅಳಿಸಿದ ಒಂದು ಮಗು.
(ರೂಪಾಯಿ ಚೆನ್ನಾಗಿ ಬಂದಿತ್ತು, ದುಂಡಗೆ, ಹುಣ್ಣಿಮೆಯ ಹಾಗೆ.
ಮನೆಗೆ ತರುವಂಥ ಚಿತ್ರವಲ್ಲ ಅದು.)

ಮನೆಯಲ್ಲಿ ಬೇರೆ ಕ್ಯಾಮೆರಾ.
ಮೂಲೆ ಒಡೆದ ಫೋನು, ಭಾವಮೈದ ಬಳಸಿ ಬಿಟ್ಟದ್ದು,
ಲೆನ್ಸಿನ ಮೇಲೊಂದು ಗೀರು.
ಯಾವ ದೀಪ ಹಿಡಿದರೂ ಅದಕ್ಕೊಂದು ಬಾಲ.
ಸುಗುಣ ಹೇಳುತ್ತಾಳೆ, ರಿಪೇರಿ ಮಾಡಿಸಿ.
ಹೂಂ ಎನ್ನುತ್ತೇನೆ. ಮಾಡಿಸುವುದಿಲ್ಲ.
ಬಾಲವಿಲ್ಲದ ದೀಪ ಈಗ ನನ್ನ ಕಣ್ಣಿಗೇ ಬೋಳು ಬೋಳು.

ಮೊದಲನೆಯದು ಅಚಾನಕ್ಕು.
ಕ್ಯಾಲೆಂಡರಿನ ಹಾಲಿನ ಲೆಕ್ಕ ತೆಗೆಯಲು ಹೋದೆ.
ಕಟ್ಟೆಯ ಮೇಲಿನ ಚೊಂಬಿನ ನೀರಿನಿಂದ ಬಿಸಿಲು ಎದ್ದು
ಹದಿನೇಳನೇ ತಾರೀಕಿನ ಮೇಲೆ ನಡುಗುತ್ತ ನಿಂತಿತ್ತು.
ಅರ್ಧ ಲೀಟರು, ಅರ್ಧ ಲೀಟರು,
ಒಂದು ಲೀಟರು, ಅವತ್ತು ಯಾರೋ ನೆಂಟರು,
ಆಮೇಲೆ, ಬೆಳಕು.
ಹಾಲಿನವನಿಗೆ ತೋರಿಸಿದೆ. ಇದಕ್ಕೆ ದುಡ್ಡಿಲ್ಲ ಸ್ವಾಮಿ, ಎಂದು ನಕ್ಕ.

ಅಲ್ಲಿಂದ ಚಾಳಿ ಹತ್ತಿತು.
ಕಾವಲಿ ಕಾಯುವ ಮೊದಲೇ ಹುಯ್ದ ಮೊದಲ ದೋಸೆ,
ಯಾವ ದೇಶದ್ದೂ ಅಲ್ಲದ ನಕಾಶೆ.
ಜನವರಿಯಲ್ಲಿ ಅವರೆ ಹಿತುಕುವಾಗ
ಹಾಸಿದ ಪೇಪರಿನಲ್ಲಿ ಯಾವನೋ ಮಂತ್ರಿಯ ಬಾಯಿ ತುಂಬ ಸಿಪ್ಪೆ.
ತಾರಸಿಯ ತಂತಿಯ ಮೇಲೆ
ಜೋಡಿ ತಪ್ಪಿದ ಕಾಲುಚೀಲದ ಪಕ್ಕ ಒಂದು ಪಿಕಳಾರ,
ಅದೂ ಒಣಗಲು ಬಂದಂತೆ.

ಬೀದಿಗಿಳಿದರೆ ಬುಲ್ ಟೆಂಪಲ್ ರಸ್ತೆ ಮುಟ್ಟುವಷ್ಟರಲ್ಲಿ ಅರ್ಧ ತಾಸು.
ರಾತ್ರಿಯೆಲ್ಲ ಹೊಂಗೆ ಉದುರಿ
ಯಾರದೋ ಹಳೇ ಮಾರುತಿಯ ಮೇಲೆ ಅಕ್ಷತೆ.
ಒಳಗೆ ಇಣುಕಿದೆ, ಮುಂದಿನ ಸೀಟಿನಲ್ಲಿ
ಒಂಟಿ ಹೆಲ್ಮೆಟ್ಟು, ಮದುಮಗನ ಗತ್ತಿನಲ್ಲಿ.
ತಳ್ಳುಗಾಡಿಯ ಪೆರುಮಾಳ್ ಇಸ್ತ್ರಿಪೆಟ್ಟಿಗೆಗೆ ಊದುತ್ತಾನೆ,
ಕಿಡಿಯೊಂದು ಎದ್ದು ಅವನ ಮೀಸೆಯವರೆಗೆ ಬಂದು
ಮನಸ್ಸು ಬದಲಿಸುತ್ತದೆ.
ಆ ಕ್ಷಣ ನನಗೆ ಸಿಗಲಿಲ್ಲ. ಸಿಕ್ಕಿದ್ದು ಹೊಗೆ, ಅರ್ಧ ಕಿವಿ,
ಮತ್ತು ಯಾರದೋ ಬಿಳಿ ಶರ್ಟಿನ ತೋಳು ಟಾಟಾ ಮಾಡುತ್ತಿರುವುದು.

ಮಸುಕಾದವೇ ಹೆಚ್ಚು.
ಕೆಲಸದಲ್ಲಾದರೆ ಮಸುಕಾದವರನ್ನು ಮತ್ತೆ ಮಲಗಿಸಬೇಕು.
ಇಲ್ಲಿ, ಅಡ್ಡ ಬಂದ ನಾಯಿಯ ಬಾಲವಷ್ಟೇ ಉಳಿದ ಚಿತ್ರಕ್ಕೆ
ನಾಯಿ ಎಂದೇ ಹೆಸರು.

ಹೋದ ತಿಂಗಳು ಸುಗುಣನಿಗೆ ಬಿಡದ ಕೆಮ್ಮು.
ನನ್ನದೇ ಕೋಣೆಗೆ ಬಂದಳು, ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟಳು,
ತಣ್ಣನೆಯ ಹಲಗೆಗೆ ಎದೆಯಿಟ್ಟು ನಿಂತಳು.
ಹಿಡಕೋ, ಎಂದೆ.
ದನಿ ಎಂದಿನ ಹಾಗೆ ಬರಲಿಲ್ಲ.
ಗುಂಡಿ ಒತ್ತಿ, ಬಿಡು ಎನ್ನುವುದನ್ನೇ ಮರೆತೆ;
ಗಾಜಿನ ಈಚೆ ನಾನೂ ಹಿಡಿದುಕೊಂಡೇ ನಿಂತಿದ್ದೆ.
ಏನೂ ಇಲ್ಲ, ಧೂಳಿನ ಕೆಮ್ಮು, ಎಂದರು ಡಾಕ್ಟರು.

ಸಂಜೆ ಸಿರ್ಸಿ ಸರ್ಕಲ್ಲಿನ ಫ್ಲೈಓವರಿನ ಪಕ್ಕ
ಬೈಟೂ ಕಾಫಿ ಹಿಡಿದು ನಿಂತಾಗ ಫೋನು ಕಿತ್ತುಕೊಂಡಳು,
ಎಲ್ಲರದ್ದೂ ತೆಗೀತೀರಿ, ನಿಲ್ಲಿ ಒಂದು ಸಲ.
ಬಂದದ್ದು:
ಎಡದಂಚಿನಲ್ಲಿ ನನ್ನ ಒಂದು ಕಣ್ಣು, ಲೋಟದ ಹಬೆ,
ಉಳಿದ ಮುಕ್ಕಾಲು ಅವಳ ಹೆಬ್ಬೆರಳು,
ಹಿಂದಿನಿಂದ ಇಳಿಬಿಸಿಲು ಹಾಯ್ದು ದಾಸವಾಳದ ಕೆಂಪು.
ಇಷ್ಟು ವರ್ಷದಲ್ಲಿ ಎಷ್ಟು ಕೈಗಳ ಒಳಗೆ ನೋಡಿದ್ದೇನೆ,
ಈ ಬಣ್ಣ ಅಲ್ಲಿ ಬಂದಿರಲಿಲ್ಲ.
ಕೆಟ್ಟದಾಗಿ ಬಂತಲ್ವಾ, ಅಳಿಸಿ, ಎಂದಳು.

ಜಾಗ ತುಂಬಿದೆ, ಏನಾದರೂ ತೆಗೆಯಿರಿ ಎಂದು
ಫೋನು ಕೂಡ ಅವಳ ಪರವೇ ಮಾತಾಡಿತು.
ತೆಗೆದೆ.
ಮೂರು ತಿಂಗಳ ಕರೆಂಟ್ ಬಿಲ್ಲು,
ಆಧಾರಿನ ಹಿಂಬದಿ.