ಸಿಂಕಿನ ತೂತಿಗೂ ರೊಕ್ಕ

ಗ್ವಾಡಿ ಸೀದಾ ಇಲ್ಲಕ್ಕಾ, ಅಂದ
ಮಿಸ್ತ್ರಿ ಮಶಾಕಸಾಬ.
ಅವನ ಉಕ್ಕಿನ ಪಟ್ಟಿ ಸರ್ರನೆ ಡಬ್ಬಿ ಸೇರಿದ ಸಪ್ಪಳಕ್ಕ
ಬೆಕ್ಕು ಕಿಟಕಿ ಹಾರಿತು.
ಕಿಟಕಿ ಕಡಿ ಇಪ್ಪತ್ನಾಕ ಇಂಚು,
ಬಾಗಿಲ ಕಡಿ ಇಪ್ಪತ್ತೆರಡೂ ಮುಕ್ಕಾಲು.
ಹನ್ನೊಂದು ವರ್ಷ ಇದೇ ಗ್ವಾಡಿಗೆ ಮುಖ ಮಾಡಿ
ರೊಟ್ಟಿ ಬಡದೀನಿ,
ಸೊಟ್ಟ ಅದ ಅಂತ ಗೊತ್ತೇ ಇರಲಿಲ್ಲ.

ನನಗ ಗೊತ್ತಿರೋದು ಮಂದಿ ಭುಜ.
ಕೊಡ ಹೊತ್ತಾಕಿದು ಬಲಗಡಿ ಅರ್ಧ ಇಂಚು ಇಳಿದಿರ್ತದ,
ಅಕಿಗೆ ಹೇಳಂಗಿಲ್ಲ,
ಜಂಪರಿನ್ಯಾಗ ಸುಮ್ಮನ ಸರಿ ಮಾಡಿ ಕಳಸ್ತೀನಿ.
ಕಲ್ಲಿಗೆ ಟಕ್ಸ್ ಹಾಕಲಾಕ ಬರಂಗಿಲ್ಲಂತ.

ಕಪನೂರ ಕಡಿ ಗೋದಾಮಿನ್ಯಾಗ
ಗ್ರಾನೈಟ್ ಹಲಗಿಗಳು ಒಂದಕ್ಕೊಂದು ಆತು ನಿಂತಿದ್ದವು
ಊಟದ ಪಂಕ್ತಿ ತಡ ಆದ ಬೀಗರಂಗ.
ಹುಡುಗ ಒಂದು ಚಂಬು ನೀರು ಚೆಲ್ಲಿದ,
ಕರೀ ಕಲ್ಲಿನ್ಯಾಗ ಚಿಕ್ಕಿ ಮೂಡಿದವು.
ಒಣಗಿದ ಮ್ಯಾಲ ನೋಡ್ತೀನಿ, ಅಂದೆ.
ಮೇ ತಿಂಗಳ ಕಲಬುರಗಿ, ಎಷ್ಟೊತ್ತು ಬೇಕು?
ಅರಬಿ ಅಂಗಡ್ಯಾಗೂ ನಾ ಹಿಂಗೇ,
ಲೈಟಿನ ಬುಡಕ ಬಣ್ಣ ನಂಬಾಕಿ ಅಲ್ಲ,
ಸೀರಿ ಹಿಡಕೊಂಡು ರಸ್ತಾಕ್ಕ ಬರ್ತೀನಿ.

ಚೀಟಿ ಬರದ.
ಮೂವತ್ತು ಚೌರಸ ಫೂಟು, ನೂರಾ ಎಂಬತ್ತರಂಗ.
ಅಂಚು ದುಂಡ ಮಾಡೋದು ಒಂಬೈನೂರು.
ಕೂಡ್ರಸೋ ಕೂಲಿ ಎರಡು ಸಾವಿರದ ಏಳ್ನೂರು.
ಸಿಮೆಂಟು, ಉಸುಕು, ಟಂಟಂ ಬಾಡಿಗಿ
ಎಲ್ಲಾ ಕೂಡಿ ಸಾವಿರದ ಇನ್ನೂರು.
ಸಿಂಕಿನ ತೂತು ಐದ್ನೂರು.

ತೂತಿಗೂ ರೊಕ್ಕ ಏನೋ ತಮ್ಮಾ?
ತೂತಿನ ಜಾಗದ ಕಲ್ಲಿಗೂ ರೊಕ್ಕ ಹಿಡದೀದಿ,
ಆ ಕಲ್ಲು ತಗೀಲಾಕೂ ರೊಕ್ಕ.
ನಾ ಕೊಳ್ಳು ಕತ್ತರಿಸಿದ ಚಿಂದಿ ಸುದ್ದಾ
ಜಂಪರಿನ ಜೋಡಿ ಮಡಚಿ ವಾಪಸ್ ಕೊಡ್ತೀನಿ.
ಅಂವ ಮಾಲಕನ ಮಾರಿ ನೋಡಿದ,
ಮಾಲಕ ಪಂಖಾದ ಕಡಿ.

ಹತ್ತು ಸಾವಿರದ ಏಳ್ನೂರು.
ಲೈನಿಂಗ್ ಜಂಪರ್ ಎರಡ್ನೂರಾ ಐವತ್ತು,
ಅಂದ್ರ ನಲವತ್ತಮೂರು ಜಂಪರ್.
ಟಂಟಂದಾಗ ಬರುವಾಗ ಬೆರಳ ಮ್ಯಾಲ ಎಣಿಸಿದೆ,
ಲಗ್ನದ ಸೀಜನ್ನಿನ್ಯಾಗ ಹದಿನೈದು ದಿನ,
ಕರೆಂಟ್ ಹೋಗಲಿಲ್ಲಂದ್ರ.

ಎತ್ತರ ಎಷ್ಟು ಇಡಲಿ? ಮಶಾಕಸಾಬ ಕೇಳಿದ್ದು
ನನ್ನ ಗಂಡಗ.
ಎಲ್ಲಾರಿಗೂ ಎಷ್ಟಿಡ್ತಿ ಅಷ್ಟ, ಅಂದ ಅಂಬಾರಾಯ,
ಚಹಾಕ್ಕ ಬಿಟ್ರ ಕಟ್ಟಿ ಹತ್ರ ಬರದಂವ.
ಎಲ್ಲಾರಿಗೂ ಮೂವತ್ಮೂರು.

ಕೊಳ್ಳಾಗಿನ ಟೇಪು ತಗದೆ.
ಇಷ್ಟು ವರ್ಷ ಊರ ಮಂದಿ ಮೈ ಅಳದೀನಿ,
ನನ್ನ ಅಳತಿ ಯಾವ ವಹಿನ್ಯಾಗೂ ಇರಲಿಲ್ಲ.
ತುದಿ ಹಿಮ್ಮಡಿ ಬುಡಕ ಒತ್ತಿ ನಿಂತೆ,
ಮೊಣಕೈ ಮಡಚಿ, ಓದಪ್ಪಾ, ಅಂದೆ.
ಮೂವತ್ತೈದು, ಅಂದ ಮಿಸ್ತ್ರಿ.
ಅದ್ರಾಗ ಆರು ಕಳಿ.
ರೊಟ್ಟಿ ಬಡಿಯೋ ಕೈ ಮ್ಯಾಲಿಂದ ಬೀಳಬೇಕು.

ಇಪ್ಪತ್ತೊಂಬತ್ತಾ? ಮುಂದ ಎತ್ತರದ ಸೊಸಿ ಬಂದ್ರ?
ಬರಲಿ. ಅಕಿ ಅಳತಿ ಅಕಿ ಕೊಡ್ತಾಳ.

ಹಳೀ ಶಹಾಬಾದ ಫರಸಿ ಎರಡು ಹೋಳಾಗಿ ಎದ್ದು ಬಂತು,
ನಡುವ ಅರಿಶಿಣದ ಕಲಿ,
ಉದ್ದಕ್ಕ ನನ್ನ ಅಂಗೈ ಸವೆಸಿದ ನುಣುಪು.
ಜಳಕದ ಮನಿ ಹೊಸ್ತಿಲಕ್ಕ ಹಾಕ್ಸಿದೆ.
ಬಾಗಿಲ ಕಡಿ ಗ್ವಾಡಿ ಒಂದೂಕಾಲ ಇಂಚು ಕೊರದು
ಹೊಸಾ ಕಲ್ಲು ಒಳಗ ತೂರಿಸಿದ,
ಸೊಟ್ಟ ಈಗ ಕಾಣಂಗಿಲ್ಲ, ಅದ.

ತೂತಿನ ತುಂಡೂ ಬಂತು ಟಂಟಂದಾಗ,
ಗೋಣಿಚೀಲ ಸುತ್ತಿಕೊಂಡು.
ಮಶೀನಿನ ಬಾಜೂಕ ಇಟ್ಟೀನಿ,
ಕತ್ತರಿ ಅದರ ಮ್ಯಾಲ ನುಣ್ಣಗ ಓಡ್ತದ,
ಬ್ಯಾಸಗಿ ಮಧ್ಯಾಹ್ನ ತಂಪಿರ್ತದ ಅಂತ
ಬೆಕ್ಕು ಬಂದು ಮಲಗ್ತದ.
ಎಬ್ಬಿಸಿ ಕೆಲಸಕ್ಕ ಕುಂತೀನಿ.
ಇನ್ನೂ ಹನ್ನೆರಡು ಜಂಪರ್ ಬಾಕಿ ಅವ.