ಎಂಟಕ್ಕೊಂದು

ದುರ್ಗಿಗುಡಿಯ ಅಡ್ಡರಸ್ತೆ, ಔಷಧಿ ಅಂಗಡಿಯ ಮೇಲಿನ ಮಾಳಿಗೆ.
ಆಷಾಢಕ್ಕೆ ಕೆಲಸ ತೆಳು. ಕೊಟ್ರಪ್ಪ ಇಂಜಿನಿಯರು ಅಂದರು:
‘ಪ್ರಮೀಳಾ, ಈ ಕಸವನ್ನೊಂದಿಷ್ಟು ಹಸನು ಮಾಡಮ್ಮ.’

ಕಸವೆಂದರೆ ಹದಿನಾಲ್ಕು ವರ್ಷದ
ಬಾಗಿಲು, ಮೆಟ್ಟಿಲು, ಕಮೋಡು, ಕಿಟಕಿ.
ಒಮ್ಮೆ ಬರೆದು ನೂರು ಸಲ ಅಂಟಿಸಿದ್ದು.
ಒಂದೇ ಕಿಟಕಿಗೆ ಐದು ಹೆಸರು:
ಕಿಟಕಿ ಹೊಸದು. ಕಿಟಕಿ ಹೊಸದು ಎರಡು.
ಕಿಟಕಿ ಫೈನಲ್. ಕಿಟಕಿ ಫೈನಲ್ ಇದೇ.
ಕಿಟಕಿ ದಸ್ತಗೀರ್ ಮುಟ್ಟಬೇಡಿ.

ದಸ್ತಗೀರ್ ಸಾಬರು ಕೆಲಸ ಬಿಟ್ಟು ಆರು ವರ್ಷ.
ಮುಟ್ಟಿದೆ. ಒಳಗೆ ಸರಳಿಗೂ ಸರಳಿಗೂ ಕೂದಲೆಳೆ ತಪ್ಪದ ಅಂತರ,
ಚೌಕಟ್ಟಿನ ಮೂಲೆಯಲ್ಲಿ ಗೆರೆಗೆ ಗೆರೆ ಕೂಡಿದ ಪರಿಯನ್ನು
ಕಣ್ಣಿಗೆ ಒತ್ತಿಕೊಳ್ಳಬೇಕು.
ಹೆಸರು ಮಾತ್ರ ಬದಲಿಸಿದೆ.

ತಿಪ್ಪೇಶಿ ಹೊಸ ಹುಡುಗ, ಡಿಪ್ಲೊಮಾ. ಅವನಿಗೆ ಹೇಳಿದೆ:
‘ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯವಿರುವುದು ಅಮ್ಮನಿಗೆ ಗೊತ್ತು.
ಅಮ್ಮ ಊರಿಗೆ ಹೋದ ದಿನ ಒಗ್ಗರಣೆಗೆ ಏನು ಹಾಕುತ್ತೀ?’
ನಕ್ಕ. ಆಮೇಲೆ ‘ಬಾ-೯೦೦-ಮರ-ಎಡ’ ಎಂದು ಬರೆದ.
ಹೆಸರಲ್ಲೇ ಅಳತೆ, ಹೆಸರಲ್ಲೇ ಅದು ಯಾವ ಕಡೆ ತೆರೆಯುತ್ತದೆಂಬುದು. ಸಾಕು.
ಆಗುಂಬೆ ಕಡೆಯ ಸಜ್ಜಾಗಳಿಗೆ ಒಂದು ಕಪಾಟು,
ಶಿಕಾರಿಪುರ ಕಡೆಯವಕ್ಕೆ ಇನ್ನೊಂದು. ಜಿಲ್ಲೆ ಒಂದೇ,
ಆದರೆ ಅಲ್ಲಿ ಮಳೆ ಅಡ್ಡಡ್ಡ ಬರುತ್ತದೆ,
ಇಲ್ಲಿ ನೆಟ್ಟಗೆ, ಬಂದರೆ.

ಗುರುವಾರ ಮಧ್ಯಾಹ್ನ ರ‍್ಯಾಂಪು ಸಿಕ್ಕಿತು.
ಬರೆದವರು: ಪ್ರಮೀಳಾ.
ನಾನು ಸೇರಿದ ವರ್ಷದ್ದು, ನನ್ನ ಮೊದಲ ಬ್ಲಾಕು.
ಎಂಟಕ್ಕೊಂದು. ಎಂಟಡಿ ಹೋಗುವುದರೊಳಗೆ ಒಂದಡಿ ಏರಬೇಕು.
ಹನ್ನೆರಡಕ್ಕೊಂದು ಇರಬೇಕೆಂದು ಆಗ ಗೊತ್ತಿರಲಿಲ್ಲ.
ಗೊತ್ತಿತ್ತು.
ಜಾಗ ಸಾಲದು ಅಂದಿದ್ದರು ಕಂಟ್ರಾಕ್ಟರು.
ಆ ಒಂದು ಕಡೆ ಸಾಲದು, ನಿಜ.
ಎಲ್ಲೆಲ್ಲಿ ಅಂಟಿದೆಯೆಂದು ಕಂಪ್ಯೂಟರನ್ನು ಕೇಳಿದೆ.
ಇಪ್ಪತ್ಮೂರು, ಅಂದಿತು.

ತಿದ್ದುವುದಕ್ಕೆ ಎಷ್ಟು ಹೊತ್ತು? ಮೂಲದಲ್ಲಿ ಒಂದು ಗೆರೆ ಎಳೆದೆ,
ಇಪ್ಪತ್ಮೂರು ನಕ್ಷೆಗಳಲ್ಲೂ ಇಳಿಜಾರು
ಮೈಚಾಚಿ ಮಲಗಿತು.
ಆಯನೂರಿನ ಶಾಲೆಯದ್ದು ಇನ್ನೆಂಟಡಿ ಮುಂದೆ ಹೋಗಿ
ಧ್ವಜಕಂಬವನ್ನು ನುಂಗಿತು.
ತಿಪ್ಪೇಶಿ ಚಪ್ಪಾಳೆ ತಟ್ಟಿದ.
ನನಗೆ ಮಾತ್ರ ಗೊತ್ತು, ಈಗ ನಕ್ಷೆಗಳೂ ಸುಳ್ಳು ಹೇಳುತ್ತಿವೆ.
ಸಿಮೆಂಟು ತಾನು ಇದ್ದಲ್ಲೇ ಇದೆ.
ತಿದ್ದಿದ್ದನ್ನು ವಾಪಸು ತೆಗೆದೆ.

ಶನಿವಾರ ಬೆಳಗಿನ ಬಸ್ಸು, ಚೀಲದಲ್ಲಿ ಟೇಪು.
ಅಡಿಗೆಯ ರುದ್ರಮ್ಮ ಸೊಪ್ಪು ಸೋಸುತ್ತ ಹೇಳಿದರು:
‘ಇಳಿಸೋವಾಗ ಇಬ್ಬರು ಹಿಂದಿಂದ ಹಿಡೀಬೇಕು ಕಣವ್ವ,
ಬಾವಿಗೆ ಕೊಡ ಬಿಟ್ಟಂಗೆ.’
ಕೊಡ ಅಂದರೆ ಸೌಗಂಧಿ, ಆರನೇ ಕ್ಲಾಸು, ಗಾಲಿಕುರ್ಚಿ,
ಕೆಳಗೆ ಕಣ್ಣು ಕಿರಿದು ಮಾಡಿ ನಾನು ಅಳೆಯುವುದನ್ನು ನೋಡುತ್ತಿದ್ದಳು.
‘ಇದನ್ನ ಮಾಡಿದ್ದು ನೀವಾ?’
ಹೌದೆಂದೆ.
‘ಹತ್ತೋದು ಕಷ್ಟ. ಇಳಿಯೋದು ಭಾರಿ ಮಜಾ.’
ಬಯ್ದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ಕೊಟ್ರಪ್ಪನವರ ಮೇಜಿನ ಮೇಲೆ ಪಟ್ಟಿಯಿಟ್ಟೆ.
ಅವರು ಓದಿದರು, ಫ್ಯಾನು ನೋಡಿದರು,
‘ಖರ್ಚು ಯಾರದಮ್ಮ?’ ಅಂದರು.
ಮತ್ತೆ ಫ್ಯಾನು ನೋಡಿ, ‘ಆಯನೂರು ಮೊದಲು’ ಅಂದರು.
ಉಳಿದ ಇಪ್ಪತ್ತೆರಡರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.
ಪಟ್ಟಿಯನ್ನು ಅವರು ಹರಿಯಲಿಲ್ಲ, ಅಷ್ಟು ಮಾತ್ರ ನೋಡಿದೆ.

ಹಳೆಯದನ್ನು ಅಳಿಸಲಿಲ್ಲ. ಅಳಿಸಿದರೆ
ನಾಳೆ ಇನ್ಯಾರೋ ಹೊಸದಾಗಿ ಕಂಡುಹಿಡಿಯುತ್ತಾರೆ ಅದೇ ತಪ್ಪನ್ನು.
ಬೇರೆ ಕಪಾಟಿನಲ್ಲಿಟ್ಟು ಹೆಸರು ಬರೆದೆ:
ರ‍್ಯಾಂ-ಎಂಟಕ್ಕೊಂದು-ಪ್ರಮೀಳಾ-ಮುಟ್ಟಬೇಡಿ.

ಧ್ವಜಕಂಬ ಎಂಟಡಿ ಸರಿಯಬೇಕು.
ಅದಕ್ಕೊಂದು ಅರ್ಜಿ, ಅರ್ಜಿಗೊಂದು ನಕ್ಷೆ.
ಹದಿನಾಲ್ಕು ವರ್ಷದ ರಾಶಿಯಲ್ಲಿ ಹುಡುಕಿದೆ,
ಧ್ವಜಕಂಬ ನಮ್ಮಲ್ಲಿ ಇಲ್ಲ.
ಬರೆಯುತ್ತಿದ್ದೇನೆ. ಬುಡದ ಕಟ್ಟೆ ಮೂರಡಿ, ಚೌಕ.